ದೇವರ ಹಿಂಡಿನ ಮುಂದೆ ಓಡಿದ ಭಾವ

ನನ್ನ ಭಾವ ರಂಗಸಾಮಿ ಹದಿನೆಂಟು ವರ್ಷ ದನಗಳ ಮುಂದೆ ಓಡಿದರು. ಹಿಂದೆ ಅಲ್ಲ, ಮುಂದೆ. ಇದನ್ನು ಮೊದಲೇ ಹೇಳಿಬಿಡಬೇಕು. ಹೊರಗಿನವರಿಗೆ ಹೇಳಿದಾಗೆಲ್ಲ ಅವರು "ದನ ಕಾಯೋರಾ?" ಎಂದು ಕೇಳಿ ನನ್ನ ಸಿಟ್ಟು ಕೆರಳಿಸಿದ್ದಾರೆ.

ನಮ್ಮ ಜನ ಕನ್ನಡ ಮಾತಾಡುತ್ತ ತಮಿಳು ಸೀಮೆಯ ಈ ಕಂಬಂ ಕಣಿವೆಗೆ ಬಂದು ಎಷ್ಟು ತಲೆಮಾರಾಯಿತೋ ತಿಳಿದವರಿಲ್ಲ. ಬರುವಾಗ ದೇವರ ಹಸುಗಳನ್ನು ಜತೆಗೆ ಕರೆತಂದರು ಎಂಬುದು ಮಾತ್ರ ಎಲ್ಲರಿಗೂ ಗೊತ್ತು. ಆ ಹಸುಗಳ ಹಾಲು ನಾವು ಕರೆಯುವುದಿಲ್ಲ, ಕರುವಿಗೇ ಬಿಡುತ್ತೇವೆ. ಹೋರಿಗಳಿಗೆ ಮೂಗುದಾರವಿಲ್ಲ, ನೊಗವಿಲ್ಲ. ಉತ್ತಮಪಾಳಯದಿಂದ ಕಂಬಂ ಕಡೆಗೆ ಎರಡು ಮೈಲಿ ಬಂದರೆ ನಮ್ಮೂರು. ಆಗ ಊರ ದೊಡ್ಡಿಯಲ್ಲಿ ದೇವರ ದನ ನಲವತ್ತಿದ್ದವು. ಬೆಳಕು ಹರಿಯುತ್ತಲೇ ಅವು ಐದು ಮೈಲಿ ದೂರದ ಬೆಟ್ಟದ ಬುಡಕ್ಕೆ ಮೇಯಲು ಹೋಗಬೇಕು, ಹೊತ್ತು ಇಳಿಯುವ ಮೊದಲು ತಿರುಗಿ ಬರಬೇಕು. ದೇವರನ್ನು ಹಿಂದಿನಿಂದ ಕೋಲು ಹಿಡಿದು ಅಟ್ಟಬಾರದು ಎಂಬುದು ನಮ್ಮೂರ ಕಟ್ಟು. ಹಾಗಾಗಿ ಒಬ್ಬರು ಮುಂದೆ ಓಡಬೇಕು, ಹಿಂಡು ಅವರನ್ನು ನಂಬಿ ಹಿಂದೆ ಬರಬೇಕು. ಓಡುವವರ ಕಾಲಲ್ಲಿ ಚಪ್ಪಲಿ ಇರಕೂಡದು. ಅವರು ಹಿಂತಿರುಗಿ ನೋಡಕೂಡದು. ನೋಡಿದರೆ ದೇವರು ಬರುತ್ತಾನೋ ಇಲ್ಲವೋ ಎಂದು ಅನುಮಾನಪಟ್ಟ ಹಾಗೆ. ಕೈಯಲ್ಲಿ ಒಂದು ಬಿದಿರು ಕೋಲು, ಅದಕ್ಕೆ ಮುಂಗೋಲು ಅನ್ನುತ್ತೇವೆ. ಅದು ಭಾವನ ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಹತ್ತೊಂಬತ್ತನೇ ವಯಸ್ಸಿಗೆ ಭಾವನಿಗೆ ಬಂದದ್ದು.

ಭಾವ ಹೆಚ್ಚು ಮಾತಿನವರಲ್ಲ, ಆದರೆ ನಗುವಿನವರು. ಸಂಜೆ ಬೆವರಿಳಿಸುತ್ತ ಬಂದು, ಕಾಲು ತೊಳೆದು, ಸಜ್ಜೆ ಕೂಳಿನ ದೊಡ್ಡ ಉಂಡೆಯನ್ನು ಮಜ್ಜಿಗೆಯಲ್ಲಿ ಕಲಸಿಕೊಂಡು ಕುಡಿಯುವಾಗ ನನ್ನಕ್ಕ ಪೇಚ್ಚಿಯಮ್ಮಾಳನ್ನು ಛೇಡಿಸುವರು. ಚಾಪೆ ಮೇಲೆ ತಲೆಯಿಟ್ಟರೆ ನಿದ್ದೆ. ಅಕ್ಕ ಅವರ ತಲೆದೆಸೆಯಲ್ಲಿ ನಿಂತು "ನಮ್ಮೂರಲ್ಲಿ ನಲವತ್ತಲ್ಲ, ನಲವತ್ತೊಂದು ದನ ಐತೆ" ಎಂದು ನನಗೆ ಕೇಳುವಷ್ಟು ಮೆಲ್ಲಗೆ ಹೇಳುವಳು. ಅವರಿಗಿದ್ದದ್ದು ಒಬ್ಬಳೇ ಮಗಳು, ಮುತ್ತುಮಾರಿ. ದಿನಾ ಬೆಳಿಗ್ಗೆ ಊರ ಗಡಿಯ ಹುಣಿಸೆಮರದವರೆಗೆ ಅಪ್ಪನ ಜತೆ ಓಡಿ, ಅಲ್ಲಿಂದ ಮನೆಗೆ ಬಂದು ತಲೆ ಬಾಚಿಸಿಕೊಂಡು ಶಾಲೆಗೆ ಹೋಗುವ ಹುಡುಗಿ.

ಸಾವಿರದ ಒಂಬೈನೂರ ಅರವತ್ಮೂರರ ಮಾಸಿ ತಿಂಗಳಲ್ಲಿ, ಚಳಿ ಬಿಡುವ ಹೊತ್ತಿಗೆ, ಮುತ್ತುಮಾರಿಗೆ ಗಂಟಲು ಬಾತುಕೊಂಡಿತು. ಮೂರೇ ದಿನ. ಅವಳಿಗೆ ಒಂಬತ್ತು ವರ್ಷ.

ಸಾವಿನ ಮನೆಯವರು ಒಂದು ವರ್ಷ ದೇವರ ಹಿಂಡಿನ ಹತ್ತಿರ ಸುಳಿಯಬಾರದು ಎಂಬುದೂ ನಮ್ಮೂರ ಕಟ್ಟೇ. ಹದಿನಾರನೇ ದಿನ ಊರ ಹಿರಿಯರಾದ ಪೊನ್ನುಸಾಮಿ ಅಜ್ಜ ಮನೆಗೆ ಬಂದು, ಕೈ ಮುಗಿದು, ಮುಂಗೋಲು ತೆಗೆದುಕೊಂಡು ಹೋದರು. ವರ್ಷದ ಮಟ್ಟಿಗೆ ಅದನ್ನು ಭಾವನ ದಾಯಾದಿ ಕರುಪ್ಪಯ್ಯನ ಕೈಗೆ ಕೊಟ್ಟರು. ಯಾರದೂ ತಪ್ಪಲ್ಲ. ಅಜ್ಜ ಅಳುತ್ತಲೇ ಒಯ್ದರು.

ನಮ್ಮವರಿಗೆ ದುಃಖಕ್ಕೆ ಗೊತ್ತಿರುವುದು ಒಂದೇ ಮದ್ದು, ಕೂರಿಸುವುದು. ಮಗಳನ್ನು ಕಳೆದುಕೊಂಡ ಗಂಡಸನ್ನು ಕೆಲಸಕ್ಕೆ ಬಿಟ್ಟರೆ ನೆಂಟರ ಮಾನ ಏನಾಗಬೇಕು? ಭತ್ತದ ಗದ್ದೆಗೆ ಅಕ್ಕನ ಮೈದುನರು ಹೋದರು, ಬಾಳೆತೋಟಕ್ಕೆ ಅಕ್ಕ ಹೋದಳು. ಭಾವ ಗುದ್ದಲಿ ಮುಟ್ಟಲು ಹೋದರೆ ಯಾರಾದರೂ ಬಂದು ಕಸಿದುಕೊಳ್ಳುವರು. "ನೀ ಸುಮ್ಕೆ ಕೂಕೊ ಅಪ್ಪಾ, ಒಡಂಬಿಗೆ ಓಯ್ವು ಬೇಕು" ಎನ್ನುವರು. ದೇಹಕ್ಕೆ ವಿಶ್ರಾಂತಿ ಬೇಕಂತೆ. ಹದಿನೆಂಟು ವರ್ಷ ದಿನಕ್ಕೆ ಹತ್ತು ಮೈಲಿ ಓಡಿದ ದೇಹ! ಭಾವ ಜಗುಲಿಯ ಕಂಬಕ್ಕೆ ಒರಗಿ ಕೂತರು. ಮೊದಲ ವಾರ ಹಿಂಡು ಹೋಗುವ ಸದ್ದಿಗೆ ತಲೆ ಎತ್ತುತ್ತಿದ್ದರು. ಆಮೇಲೆ ಎತ್ತಲಿಲ್ಲ.

ಎರಡು ತಿಂಗಳ ಮೇಲೆ, ಚಿತ್ತಿರೆಯ ಬೇಸಿಗೆ ರಜಕ್ಕೆ ನಾನು ಊರಿಗೆ ಬಂದೆ. ದಿಂಡಿಗಲ್ಲಿನ ಹತ್ತಿರ ಚಿನ್ನಾಳಪಟ್ಟಿಯಲ್ಲಿ ಸೀರೆ ನೇಯುವವರ ಮನೆಯೊಂದರಲ್ಲಿ ಬಾಡಿಗೆಗಿದ್ದು ಅಲ್ಲಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ನಮ್ಮ ಮನೆತನದಲ್ಲಿ ಹೆಣ್ಣು ಮೇಷ್ಟರಾದದ್ದು ನಾನೇ ಮೊದಲು, ಆ ಜಂಬ ನನಗೆ ಇದ್ದೇ ಇತ್ತು. ಬಂದು ನೋಡಿದರೆ ಭಾವನ ತೊಡೆಯ ಸ್ನಾಯು ಕರಗಿ ಪಂಚೆ ಜೋಲುತ್ತಿತ್ತು. ಊಟದ ತಟ್ಟೆ ಮುಂದಿಟ್ಟರೆ ಅನ್ನ ಒಣಗುವವರೆಗೆ ನೋಡುತ್ತ ಕೂರುವರು. ಸಾಯಂಕಾಲದ ನಿದ್ದೆಯೂ ಇಲ್ಲ, ಬೆಳಗಿನ ಎಚ್ಚರವೂ ಇಲ್ಲ. ಮಾತಾಡಿಸಿದರೆ ಬಾವಿಯ ತಳದಿಂದ ಬಂದಂತೆ ಒಂದು 'ಹೂಂ'.

ಊರವರು ಕೈ ಕಟ್ಟಿ ಕೂತಿರಲಿಲ್ಲ. ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿದ್ದರು. ಪಳನಿಗೆ ಹರಕೆ ಹೊತ್ತು ತಲೆ ಬೋಳಿಸಿಕೊಂಡು ಬರುವಂತೆ ಮಾಡಿದ್ದರು. ತಲೆ ಹಗುರವಾಗಿತ್ತು, ಒಳಗಿದ್ದದ್ದು ಹಾಗೆಯೇ ಇತ್ತು. ಹೊಟ್ಟೆಯಲ್ಲಿ ಹುಟ್ಟಿದ್ದು ಹೋದರೆ ಹೀಗೇ ಆಗುವುದು, ಕಾಲವೇ ಮಾಯಿಸಬೇಕು ಎಂದು ಹೆಂಗಸರು ಹೇಳಿದರು. ನಾನೂ ಹಾಗೇ ಅಂದುಕೊಂಡೆ.

ಒಂದು ಮಧ್ಯಾಹ್ನ ಜಗುಲಿ ಬರಿದಾಗಿತ್ತು. ಅಕ್ಕ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಇಬ್ಬರೂ ತೋಟದ ಬಾವಿಗೆ ಓಡಿದೆವು. ಭಾವ ಉಟ್ಟ ಬಟ್ಟೆಯಲ್ಲೇ ಬಾವಿಯ ಮೆಟ್ಟಿಲಿಳಿದು ಎದೆಮಟ್ಟದ ನೀರಿನಲ್ಲಿ ನಿಂತಿದ್ದರು. ಅವರಿಗೆ ಈಜು ಬರುವುದಿಲ್ಲ. ಅಕ್ಕ ಕಿರುಚಲಿಲ್ಲ. ಮೆಟ್ಟಿಲಿಳಿದು ಹೋಗಿ ಕೈ ಹಿಡಿದುಕೊಂಡಳು.

"ಏನಾತು?" ಎಂದಳು.

"ಏನೂ ಇಲ್ಲೆ. ತಣ್ಣಗೆ ಐತೆ, ಅಷ್ಟೆಯಾ" ಎಂದರು ಭಾವ.

ಆ ಮೇಲೆ ನಾನು ಯಾರ ಮಾತನ್ನೂ ಕೇಳಲಿಲ್ಲ. ಮಾರನೆಯ ದಿನವೇ ಇಬ್ಬರನ್ನೂ ಬಸ್ಸು ಹತ್ತಿಸಿ ದಿಂಡಿಗಲ್ಲಿಗೆ ಕರೆದುಕೊಂಡು ಹೋದೆ. ಅಲ್ಲಿ ತಂಗರಾಜ್ ಎಂಬ ಡಾಕ್ಟರಿದ್ದರು. ಸೈನ್ಯದ ಆಸ್ಪತ್ರೆಯಲ್ಲಿದ್ದು ಬಂದವರು. ಚಿನ್ನಾಳಪಟ್ಟಿಯ ಮಗ್ಗದವರ ಬೆನ್ನುನೋವಿಗೆಲ್ಲ ಅವರೇ ಗತಿ. ಬೆಳ್ಳಗಿನ ಹುಬ್ಬು, ಮಾತು ಒರಟು.

ಡಾಕ್ಟರು ಭಾವನ ನಾಡಿ ಹಿಡಿದರು, ಎದೆಗೆ ಕೊಳವೆಯಿಟ್ಟರು, ಕಣ್ಣು ನಾಲಿಗೆ ನೋಡಿದರು. ರೋಗ ಕಾಣಿಸಲಿಲ್ಲ. ಆಮೇಲೆ ಅಂಗಾಲು ನೋಡಿದರು. ಎತ್ತಿನ ಗೊರಸಿನಂಥ ಅಂಗಾಲು. "ಇದು ಏನು ಕೆಲಸ ಮಾಡಿದ ಕಾಲು?" ಎಂದು ತಮಿಳಿನಲ್ಲಿ ಕೇಳಿದರು. ನಾನು ಎಲ್ಲವನ್ನೂ ಹೇಳಿದೆ. ಹಿಂಡು, ಮುಂಗೋಲು, ಮಗು, ಜಗುಲಿ, ಕೊನೆಗೆ ಬಾವಿ.

ಅವರು ಭಾವನನ್ನು ಎಬ್ಬಿಸಿ, ಆಸ್ಪತ್ರೆಯ ಮಹಡಿ ಮೆಟ್ಟಿಲನ್ನು ಇಪ್ಪತ್ತು ಸಲ ಹತ್ತಿ ಇಳಿಯಲು ಹೇಳಿದರು. ಭಾವ ಹತ್ತಿದರು, ಇಳಿದರು. ಎಂಟನೆಯ ಸಲಕ್ಕೆ ಹಣೆಯಲ್ಲಿ ಬೆವರು ಬಂತು. ಇಪ್ಪತ್ತು ಮುಗಿಸಿ ಬಂದು ಗೋಡೆ ಹಿಡಿದು ನಿಂತು, ಅಕ್ಕನ ಕಡೆ ನೋಡಿ, "ಒಸಿ ನೀರು ಕೊಡು" ಎಂದರು. ಒಂದು ತಿಂಗಳಿನಿಂದ ಅವರಾಗಿ ಏನನ್ನೂ ಕೇಳಿರಲಿಲ್ಲ. ಅಕ್ಕ ನೀರಿಗೆ ಓಡಿದ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ.

ಡಾಕ್ಟರು ನನ್ನ ಕಡೆ ತಿರುಗಿದರು. "ನೀವು ಟೀಚರ್ ಅಲ್ಲವಾ, ಕೇಳಿಸಿಕೊಳ್ಳಿ. ಭಯವಾದರೆ ಬಾಯಿ ಒಣಗುತ್ತದೆ, ನಾಚಿಕೆಯಾದರೆ ಕೆನ್ನೆ ಬಿಸಿಯಾಗುತ್ತದೆ. ಮನಸ್ಸಿನಿಂದ ದೇಹಕ್ಕೆ ದಾರಿ ಇದೆ ಅಂತಾಯಿತು. ದೇಹದಿಂದ ಮನಸ್ಸಿಗೂ ಒಂದು ದಾರಿ ಇರಬೇಕು. ರಕ್ತದಲ್ಲಿ ಎಷ್ಟೋ ರಸಗಳು ಓಡಾಡುತ್ತವೆ. ಅವುಗಳಲ್ಲಿ ಕೆಲವು ಕಡಿಮೆಯಾದರೆ ಮನಸ್ಸು ಕತ್ತಲಾಗುತ್ತದೆ ಅಂತ ಈಗೀಗ ದೊಡ್ಡ ದೊಡ್ಡವರು ಬರೆಯುತ್ತಿದ್ದಾರೆ. ಯಾವ ರಸ, ಎಷ್ಟು, ನನಗೆ ಗೊತ್ತಿಲ್ಲ. ಅವರಿಗೂ ಪೂರ್ತಿ ಗೊತ್ತಿಲ್ಲ. ಆದರೆ ಮೈ ಮುರಿದು ದುಡಿಯುತ್ತಿದ್ದ ಸಿಪಾಯಿಗಳು ಗಾಯವಾಗಿ ಮಂಚ ಹಿಡಿದಾಗ ಗಾಯಕ್ಕಿಂತ ಮೊದಲು ಮನಸ್ಸು ಹುಣ್ಣಾಗುವುದನ್ನು ಕಂಡಿದ್ದೇನೆ. ನಿಮ್ಮ ಭಾವನಿಗೆ ಎರಡು ಪೆಟ್ಟು ಬಿದ್ದಿದೆ. ಮಗು ಹೋದದ್ದು ಒಂದು. ಹದಿನೆಂಟು ವರ್ಷ ಹರಿಯುತ್ತಿದ್ದ ಕಾಲುವೆಗೆ ಒಂದೇ ಬೆಳಿಗ್ಗೆ ನೀವು ಅಡ್ಡ ಕಟ್ಟಿದ್ದು ಇನ್ನೊಂದು. ಎರಡೂ ಒಟ್ಟಿಗೆ ಬಿದ್ದದ್ದರಿಂದ ಒಂದೇ ಅಂದುಕೊಂಡಿರಿ. ಮೊದಲನೆಯದಕ್ಕೆ ನನ್ನಲ್ಲಿ ಮದ್ದಿಲ್ಲ. ಎರಡನೆಯದನ್ನು ಬಿಡಿಸಬಹುದು."

ಮಾತ್ರೆ ಬರೆದುಕೊಟ್ಟರು. ತಿಂಗಳಿಗೊಮ್ಮೆ ಬಂದು ತೋರಿಸಬೇಕು, ಒಬ್ಬರನ್ನೇ ಎಲ್ಲಿಗೂ ಬಿಡಬಾರದು ಎಂದರು. ಜತೆಗೆ ದಿನಾ ಒಂದು ಗಂಟೆ ಬಿರುಸಾಗಿ ನಡೆಯಬೇಕು. "ಎಷ್ಟು ಬಿರುಸು ಅಂದರೆ, ಮಾತಾಡುವಷ್ಟು ಉಸಿರು ಇರಬೇಕು, ಹಾಡುವಷ್ಟು ಇರಬಾರದು. ಅದನ್ನು ನೋಡಿಕೊಳ್ಳಲು ಜತೆಗೊಬ್ಬರು ಬೇಕು. ಮೊದಲು ನಿದ್ದೆ ಬರುತ್ತದೆ. ಆಮೇಲೆ ಹಸಿವು, ಆಮೇಲೆ ಸಿಟ್ಟು. ಅಳು ಕಡೆಗೆ ಬರುತ್ತದೆ. ಅತ್ತ ದಿನ ನನಗೊಂದು ಕಾಗದ ಹಾಕಿ."

ಹೊರಡುವಾಗ ಅವರು ಅಕ್ಕನ ಕಡೆ ನೋಡಿ ಕೇಳಿದರು. "ಅಮ್ಮಾ, ನೀವು ಹೇಗಿದ್ದೀರಿ?"

ಅಕ್ಕ ಬಾಯಿ ತೆರೆಯುವ ಮೊದಲೇ ನಾನು ಹೇಳಿಬಿಟ್ಟೆ. "ಅವಳಿಗೇನು ಡಾಕ್ಟರ್, ಅವಳು ಗಟ್ಟಿ." ಅಕ್ಕ ತಲೆ ತಗ್ಗಿಸಿ ಭಾವನ ಹೆಗಲ ತುಂಡು ವಸ್ತ್ರ ಮಡಿಸಿದಳು. ಆ ಮಾತನ್ನು ಆಡಿದ ನಾಲಿಗೆಯ ಮೇಲೆ ನನಗೆ ಇವತ್ತಿಗೂ ಕೋಪವಿದೆ.

ಜತೆಗೆ ಹೋಗುವವರು ಯಾರು? ಮೈದುನರಿಗೆ ಗದ್ದೆ ಕೆಲಸ, ನನಗೆ ಶಾಲೆ. ಅಕ್ಕನೇ ಹೊರಟಳು. ಅವಳು ತೋಟಕ್ಕೆ ಹೋಗುವುದನ್ನು ಹೊತ್ತೇರಿದ ಮೇಲಕ್ಕೆ ಇಟ್ಟುಕೊಂಡಳು. ಹಿಂಡು ಬೆಟ್ಟದ ಕಡೆಗೆ ಹೋಗುವುದರಿಂದ ಇವರು ಅದಕ್ಕೆ ಬೆನ್ನು ಹಾಕಿ, ಉತ್ತಮಪಾಳಯದ ಟಾರು ರಸ್ತೆ ಹಿಡಿದರು. ಭಾವ ಅಭ್ಯಾಸದಂತೆ ಬರಿಗಾಲಲ್ಲಿ ಮುಂದೆ, ನಾಲ್ಕು ಹೆಜ್ಜೆ ಬಿಟ್ಟು ಅಕ್ಕ ಹಿಂದೆ.

ಆ ಕಾಲದಲ್ಲಿ ಸುಮ್ಮನೆ ಯಾರು ನಡೆಯುತ್ತಿದ್ದರು? ನಡೆದರೆ ತಲೆ ಮೇಲೆ ಹೊರೆ ಇರಬೇಕು, ಇಲ್ಲ ಕೈಯಲ್ಲಿ ಹಗ್ಗ ಇರಬೇಕು. ಗಂಡ ಹೆಂಡತಿ ಬರಿಗೈಯಲ್ಲಿ ಬೆಳಿಗ್ಗೆ ಬೆಳಿಗ್ಗೆ ರಸ್ತೆಯುದ್ದಕ್ಕೂ ಬಿರಬಿರನೆ ಹೋಗಿ ಏನನ್ನೂ ತರದೆ ವಾಪಸು ಬರುವುದನ್ನು ನೋಡಿ ಟೀ ಅಂಗಡಿಯವನಿಗೆ ಹಬ್ಬವಾಯಿತು. "ದಿನಾ ಜಗಳ ಆಡಿ ತೌರಿಗೆ ಹೊಂಡ್ತಾಳೆ ಪೇಚ್ಚಿ. ದಾರೀಲಿ ರಾಜಿ ಆಗಿ ತಿರುಗ್ ಬತ್ತಾರೆ" ಎಂದು ಎಲ್ಲರನ್ನೂ ನಗಿಸಿದ. ಊರ ಬಾಯಿಗೆ ಮುಚ್ಚಳ ಎಲ್ಲಿ ತರುವುದು? ಅಕ್ಕ ಒಂದು ಉಪಾಯ ಮಾಡಿದಳು. ಒಂದು ಖಾಲಿ ಬುಟ್ಟಿಯನ್ನು ತಲೆ ಮೇಲಿಟ್ಟುಕೊಂಡು, ಅದರ ಮೇಲೆ ಬಾಳೆಲೆ ಮುಚ್ಚಿ ಹೋಗತೊಡಗಿದಳು. ಸಂತೆಗೆ ಹೋಗುತ್ತಿದ್ದಾರೆ ಎಂದು ಊರು ಸುಮ್ಮನಾಯಿತು. ಹೀಗೆ ನನ್ನಕ್ಕ ಎಂಟೊಂಬತ್ತು ತಿಂಗಳು ದಿನಾ ನಾಲ್ಕು ಮೈಲಿ ಖಾಲಿ ಬುಟ್ಟಿ ಹೊತ್ತಳು.

ಡಾಕ್ಟರು ಹೇಳಿದ ಮಾತು ನಡೆಯಬೇಕಲ್ಲ, ಅಕ್ಕ ಹಿಂದಿನಿಂದ ಪ್ರಶ್ನೆ ಹಾಕುವಳು. "ಬಾಳೆಗೆ ನೀರು ಬಿಡ್ಬೇಕಾ?" "ಹೂಂ." "ಹೂಂ ಅಂದ್ರೆ ಲೆಕ್ಕಕ್ಕಿಲ್ಲೆ, ನಾಕು ಮಾತು ಸೇರಿಸಿ ಏಳಿ." ಹತ್ತು ದಿನ ಕಳೆದ ಮೇಲೆ ಭಾವ ಮಧ್ಯಾಹ್ನ ಗೊರಕೆ ಹೊಡೆದರು. ಅಕ್ಕ ಚಾಪೆ ಪಕ್ಕದಲ್ಲಿ ಕೂತು ಕೇಳಿದಳಂತೆ. ಆಡಿ, ಅಂದರೆ ಆಷಾಢ, ಬರುವ ಹೊತ್ತಿಗೆ ಇನ್ನೊಂದು ಉಂಡೆ ಕೂಳು ಕೇಳಿದರು. ಆಮೇಲೆ ಒಂದು ದಿನ ಟೀ ಅಂಗಡಿಯವನಿಗೆ ಚೆನ್ನಾಗಿ ಬೈದರು. ಬೈಸಿಕೊಂಡವನೂ ಸಂತೋಷಪಟ್ಟ. ಮೂರು ತಿಂಗಳಾದ ಮೇಲೆ ಡಾಕ್ಟರು ಮಾತ್ರೆಯನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತ ಬಂದರು. ನಡಿಗೆಯನ್ನು ಇಳಿಸಲಿಲ್ಲ.

ಪುರಟ್ಟಾಸಿ ತಿಂಗಳಲ್ಲಿ, ಉತ್ತಮಪಾಳಯದ ಹೊಳೆಯ ಸೇತುವೆ ಮೇಲೆ, ಶಾಲೆಗೆ ಹೋಗುವ ಹೆಣ್ಣುಮಕ್ಕಳ ಒಂದು ಗುಂಪು ಎದುರಾಯಿತು. ಒಬ್ಬಳು ಜಡೆ ಹಾರಿಸಿಕೊಂಡು ಮುಂದೆ ಓಡುತ್ತಿದ್ದಳು. ಭಾವ ನಿಂತರು. ಸೇತುವೆಯ ಕಟ್ಟೆಗೆ ಎರಡೂ ಕೈ ಊರಿ, ಏಳು ತಿಂಗಳಿಂದ ಬಾರದ ಅಳುವನ್ನು ಅತ್ತರು. ಅಕ್ಕ ಬುಟ್ಟಿ ಕೆಳಗಿಟ್ಟು, ಜನ ನೋಡದಂತೆ ಸೆರಗು ಹಿಡಿದು ಅಡ್ಡ ನಿಂತಳು. ಅವಳೇ ನನಗೆ ಹೇಳಿ ಕಳಿಸಿದಳು. "ಡಾಕ್ಟರಿಗೆ ಬರೆದಾಕು, ಅತ್ತುಬುಟ್ರು."

ನಾನು ಬರೆದೆ. ಡಾಕ್ಟರಿಂದ ಒಂದು ಕಾರ್ಡು ಬಂತು, ಎರಡೇ ಸಾಲು. 'ಬಹಳ ಸಂತೋಷ. ಅಮ್ಮ ಹೇಗಿದ್ದಾರೆ?'

ಆ ಎರಡನೆಯ ಸಾಲಿಗೆ ನಾನು ಉತ್ತರ ಬರೆಯಲಿಲ್ಲ. ಬರೆಯುವಂಥದ್ದು ಏನಿದೆ ಅಂದುಕೊಂಡೆ. ದೀಪದ ಬುಡದಲ್ಲಿ ಕತ್ತಲೆ ಎಂದು ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ಕಲಿಸುವವಳು ನಾನೇ.

ವರ್ಷ ಕಳೆಯಿತು. ಮಾಸಿ ತಿಂಗಳಲ್ಲಿ ತೀಟು, ಅಂದರೆ ಸಾವಿನ ಸೂತಕ, ಕಳೆದು, ಮನೆಗೆ ನೀರು ಚಿಮುಕಿಸಿ, ಪೊನ್ನುಸಾಮಿ ಅಜ್ಜ ಮುಂಗೋಲನ್ನು ತಂದು ಭಾವನ ಕೈಗಿಟ್ಟರು. ನಾನು ಎರಡು ದಿನ ರಜ ಹಾಕಿ ಬಂದಿದ್ದೆ. ದೊಡ್ಡಿಯ ಬಾಗಿಲು ತೆಗೆದಾಗ ಹಿಂಡಿನ ಮುದಿ ಹೋರಿ ಮುಂದೆ ಬಂದು ಭಾವನ ಕೈ ಮೂಸಿತು. ಭಾವ "ಓ... ಬಾ ಸಾಮೀ" ಎಂದು ಕೂಗಿ ಓಡಿದರು. ನಲವತ್ತು ದನ ಧೂಳೆಬ್ಬಿಸಿಕೊಂಡು ಅವರ ಹಿಂದೆ ಹೋದವು. ಅವರು ಹಿಂತಿರುಗಿ ನೋಡಲಿಲ್ಲ. ಊರೇ ಅತ್ತಿತು, ನಾನೂ ಅತ್ತೆ. ಹೆಂಗಸರು ಹಿಂಡಿನ ದಾರಿಗೆ ಕಾಲಿಡುವಂತಿಲ್ಲವಾದ್ದರಿಂದ ಅಕ್ಕ ಹುಣಿಸೆಮರದ ಈಚೆಯೇ ನಿಂತಿದ್ದಳು. ಧೂಳು ಇಳಿದ ಮೇಲೂ ನಿಂತಿದ್ದಳು. ನಾನು ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಿಟ್ಟೆ.

ಎರಡು ತಿಂಗಳ ಮೇಲೆ ಚಿತ್ತಿರೆ ರಜಕ್ಕೆ ಊರಿಗೆ ಬಂದಾಗ ಹೊತ್ತು ಹತ್ತು ಗಂಟೆ. ಒಲೆ ಹೊತ್ತಿರಲಿಲ್ಲ. ಅಂಗಳಕ್ಕೆ ನೀರು ಬಿದ್ದಿರಲಿಲ್ಲ. ಅಕ್ಕ ಅಡಿಗೆಮನೆಯ ಮೂಲೆಯಲ್ಲಿ ಒರಳಿಗೆ ಒರಗಿ ಕೂತಿದ್ದಳು. ತಲೆ ಬಾಚಿ ಎಷ್ಟು ದಿನವಾಗಿತ್ತೋ. ಆ ಖಾಲಿ ಬುಟ್ಟಿ ಅವಳ ಪಕ್ಕದಲ್ಲೇ ಬೋರಲು ಬಿದ್ದಿತ್ತು.

"ಅಕ್ಕಾ, ಒಡಂಬು ಸರಿ ಇಲ್ವಾ?"

"ಏನೂ ಇಲ್ಲೆ ಗೋವಿಂದು. ಕೂತಿವ್ನಿ, ಅಷ್ಟೆಯಾ."

ಆ ಮಾತು, ಆ ದನಿ. ಬಾವಿಯೊಳಗೆ ನಿಂತು ಭಾವ ಆಡಿದ್ದೂ ಇದನ್ನೇ. ಅವಳ ಹತ್ತಿರ ಕೂತು ತಲೆ ಬಾಚಿದೆ. ಬಾಚುತ್ತ ಬಾಚುತ್ತ ಕೇಳಿದೆ. ಅವಳು ಸ್ವಲ್ಪ ಸ್ವಲ್ಪವಾಗಿ ಹೇಳಿದಳು. ನಡೆಯುವಾಗ ದಿನಾ ಅಳುತ್ತಿದ್ದಳಂತೆ. ಅವರು ಮುಂದಿದ್ದರು, ತಿರುಗಿ ನೋಡುವವರಲ್ಲ, ಬುಟ್ಟಿಯ ನೆರಳಲ್ಲಿ ಮುಖ ಯಾರಿಗೂ ಕಾಣುತ್ತಿರಲಿಲ್ಲ. ಹೊಳೆ ತಲುಪುವ ಹೊತ್ತಿಗೆ ಅಳು ಮುಗಿದು, ಬೆವರು ಹರಿದು, ಎದೆ ಹಗುರಾಗುತ್ತಿತ್ತಂತೆ. ವಾಪಸು ಬರುವಾಗ ಹಸಿವಾಗುತ್ತಿತ್ತಂತೆ.

"ಅಂಗಾರೆ ಈಗ್ಲೂ ನಡಿ. ಒಬ್ಳೇ ಓಗು" ಎಂದೆ.

"ಎಂಗ್ಸು ಒಬ್ಳೇ ಓದ್ರೆ ಊರು ಏನಂದಾತು? ಕೆಲ್ಸ ಕೆಟ್ಟೋದವ್ಳು ಅಂದಾತು. ಅವ್ರಿಗೆ ಡಾಕ್ಟರು ಏಳಿದ್ರು, ಓದ್ವಿ. ನಂಗೆ ಯಾರು ಏಳವ್ರೆ?"

ಡಾಕ್ಟರು ಎರಡು ಸಲ ಕೇಳಿದ್ದರು. ಎರಡು ಸಲವೂ ಅಡ್ಡ ಬಂದದ್ದು ನಾನು.

ಸಂಜೆ ಭಾವ ಬೆವರಿಳಿಸುತ್ತ, ಆರೋಗ್ಯವಾಗಿ, ಹಳೆಯ ನಗುವಿನೊಂದಿಗೆ ಬಂದರು. ನನಗೆ ತಡೆಯಲಾಗಲಿಲ್ಲ. ಹತ್ತಿದ ಏಣಿ ಒದ್ದವರು ಎಂದೆ. ನಿಮ್ಮ ಕತ್ತಲೆಯನ್ನು ಅವಳ ತಲೆ ಮೇಲಿಟ್ಟು ಓಡಿಹೋದಿರಿ, ಮಗಳು ನಿಮ್ಮೊಬ್ಬರಿಗೇ ಹುಟ್ಟಿದ್ದಳೇ ಎಂದೆ. ದೊಡ್ಡವರಿಗೆ ಆಡಬಾರದ ಮಾತು, ಆಡಿದೆ. ಭಾವ ಮುಂಗೋಲನ್ನು ಗೋಡೆಗೆ ಒರಗಿಸಿ, ಜಗುಲಿಯ ಅದೇ ಕಂಬದ ಹತ್ತಿರ ಕೂತರು.

"ನಂಗೆ ಕೇಳುಸ್ತಿತ್ತು ಗೋವಿಂದು" ಎಂದರು. "ಇಂದೆ ಅವ್ಳು ಮೂಗು ಎಳ್ಕೊಳ್ಳೋದು ದಿನಾ ಕೇಳುಸ್ತಿತ್ತು. ತಿರುಗಿ ನೋಡ್ಬಾರ್ದು ಅಂತ ಕತ್ತು ಕಲ್ತುಬುಟೈತೆ. ಓಗ್ತಾ ಇದ್ರೆ ಸಾಕು, ಇಂದೆ ಬತ್ತಾರೆ ಅಂತ ಕಾಲೂ ಕಲ್ತುಬುಟೈತೆ."

ಹೆಂಗಸು ಹಿಂಡಿನ ದಾರಿಗೆ ಬರುವಂತಿಲ್ಲ. ಹಿಂಡು ಹೋಗುವ ಹೊತ್ತಿಗೇ ನಡಿಗೆಯ ಹೊತ್ತು. ಸಂಜೆ ಬಂದಾಗ ಅಕ್ಕನಿಗೆ ಅಡಿಗೆ, ಕೊಟ್ಟಿಗೆ. ಎರಡನ್ನೂ ಹಿಡಿಯಲು ಇರುವುದು ಒಂದೇ ಬೆಳಿಗ್ಗೆ. ಇದನ್ನು ನಾನು ಹೇಳಲಿಲ್ಲ. ಭಾವ ಮೂರು ದಿನ ತಾವೇ ಯೋಚಿಸಿದರು. ಆ ಮೂರು ದಿನ ನನಗೆ ಭಯವಿತ್ತು. ಮುಂಗೋಲು ಬಿಟ್ಟರೆ ಅವರು ಮತ್ತೆ ಜಗುಲಿಗೆ ಬೀಳುವರೋ, ಬಿಡದಿದ್ದರೆ ಅಕ್ಕ ಬಾವಿಯ ದಾರಿ ಹಿಡಿಯುವಳೋ ಎಂಬ ಭಯ.

ನಾಲ್ಕನೆಯ ದಿನ ಊರು ಸೇರುವ ಮಂದೆ ಕಟ್ಟೆಯಲ್ಲಿ ಹಿರಿಯರು ಕೂತಿದ್ದಾಗ ಭಾವ ಹೋಗಿ ಮುಂಗೋಲನ್ನು ಪೊನ್ನುಸಾಮಿ ಅಜ್ಜನ ಮುಂದೆ ನೆಲದ ಮೇಲಿಟ್ಟು, ಕೈ ಮುಗಿದು ನಿಂತರು. ಅಜ್ಜನಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮುಖ ಕೆಂಪಾಯಿತು.

"ಮೂರು ತಲೆಮಾರು ನಿಮ್ಮನೇಲಿದ್ದ ಕೋಲು. ಕೆಳಗಿಟ್ರೆ ತಿರುಗಿ ನಿಮ್ಮನೆಗೆ ಬರಾಕಿಲ್ಲೆ. ಸಾಮಿ ಮುಂದೆ ಓಡೋದುನ್ನ ಬುಟ್ಟು ಏನು ಮಾಡ್ದಿಯಾ?"

"ಪೇಚ್ಚಿ ಜತೆ ನಡ್ದೇನು ಅಜ್ಜಾ."

ಯಾರೋ ನಕ್ಕರು. ಭಾವ ನಗಲಿಲ್ಲ.

"ಸಾಮಿ ಮುಂದೆ ಓಡಾಕೆ ಕರುಪ್ಪಯ್ಯ ಅವ್ನೆ. ಅವ್ನು ಒಲ್ಲೆ ಅಂದ್ರೆ ಇನ್ನೊಬ್ಬ ಬತ್ತಾನೆ. ಇವ್ಳ ಜತೆ ನಡಿಯಾಕೆ ನಾನೊಬ್ನೆಯಾ ಇರೋದು. ಆ ಕೂಸು ನಮ್ಮಿಬ್ರುದು."

ನಗು ನಿಂತಿತು. ಅಜ್ಜ ಎದ್ದು, ಕೋಲನ್ನು ಎತ್ತಿಕೊಂಡು ಗುಡಿಯ ಕಡೆ ನಡೆದರು. ಹರಸಲೂ ಇಲ್ಲ, ಬೈಯಲೂ ಇಲ್ಲ. ಆ ವರ್ಷದ ಪೊಂಗಲ್ಲಿನಲ್ಲಿ ಭಾವನ ಮನೆಗೆ ಬರುತ್ತಿದ್ದ ಮೊದಲ ತಾಂಬೂಲ ಕರುಪ್ಪಯ್ಯನ ಮನೆಗೆ ಹೋಯಿತು, ಮುಂದೆಯೂ ಅಲ್ಲಿಗೇ ಹೋಯಿತು. ಭಾವನಿಗೆ ನೋವಾಗಲಿಲ್ಲ ಎಂದು ಹೇಳಿದರೆ ಸುಳ್ಳಾದೀತು. ಹಿಂಡು ಹೋಗುವ ಸದ್ದಿಗೆ ಅವರು ಕಡೆಯವರೆಗೂ ತಲೆ ಎತ್ತುತ್ತಿದ್ದರು.

ಮಾರನೆಯ ಬೆಳಿಗ್ಗೆ ಇಬ್ಬರೂ ಹೊರಟರು. ಅಕ್ಕ ಅಭ್ಯಾಸದಂತೆ ಬುಟ್ಟಿಗೆ ಕೈ ಹಾಕಿದಳು. ಭಾವ ಅದನ್ನು ಕಸಿದು ಅಟ್ಟಕ್ಕೆ ಎಸೆದರು. ರಸ್ತೆಗೆ ಬಂದು ಅಕ್ಕ ನಿಂತಳು, ಅವರು ನಾಲ್ಕು ಹೆಜ್ಜೆ ಮುಂದೆ ಹೋಗಲಿ ಎಂದು. ಅವರೂ ನಿಂತರು.

"ನೀವು ನಡೀರಿ" ಎಂದಳು ಅಕ್ಕ.

"ನೀನು ಬಾ" ಎಂದರು ಭಾವ.

ಹಾಗೆ ಇಬ್ಬರೂ ನಡುರಸ್ತೆಯಲ್ಲಿ ನಿಂತೇ ಇದ್ದರು. ಟೀ ಅಂಗಡಿಯವನು ಲೋಟ ತೊಳೆಯುವುದನ್ನು ಬಿಟ್ಟು ನೋಡುತ್ತಿದ್ದ. ಕಡೆಗೆ ಭಾವ ನಾಲ್ಕು ಹೆಜ್ಜೆ ಹಿಂದಕ್ಕೆ ಬಂದು ಅವಳ ಪಕ್ಕಕ್ಕೆ ನಿಂತರು. ಮೊದಮೊದಲು ಅವರ ಕಾಲು ತಾನಾಗಿ ಮುಂದೆ ಹೋಗಿಬಿಡುತ್ತಿತ್ತು. ಅಕ್ಕ ಅವರ ತೋಳು ಹಿಡಿದು ಹಿಂದಕ್ಕೆ ಎಳೆಯುತ್ತಿದ್ದಳು.

ನಾನು ಆ ರಜದಲ್ಲೇ ಅಕ್ಕನನ್ನು ತಂಗರಾಜ್ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. "ಅಮ್ಮಾ, ನೀವು ಹೇಗಿದ್ದೀರಿ?" ಎಂದು ಅವರು ಮೂರನೆಯ ಸಲ ಕೇಳಿದರು. ನಾನು ಬಾಯಿ ಮುಚ್ಚಿಕೊಂಡು ಹೊರಗೆ ಹೋಗಿ ಕೂತೆ. ಅಕ್ಕ ಒಳಗೆ ಒಂದು ಗಂಟೆ ಇದ್ದಳು.

ರಜ ಮುಗಿದು ಚಿನ್ನಾಳಪಟ್ಟಿಗೆ ಹೊರಟ ದಿನ ಮೊದಲ ಬಸ್ಸು ಹಿಡಿದೆ. ಉತ್ತಮಪಾಳಯಕ್ಕೆ ಇನ್ನೂ ಒಂದು ಮೈಲಿ ಇರುವಾಗ, ಭತ್ತದ ಗದ್ದೆಗಳ ನಡುವೆ, ರಸ್ತೆಗೆ ಎತ್ತಿನ ಗಾಡಿ ಅಡ್ಡ ಬಂದು ಬಸ್ಸು ನಿಧಾನವಾಯಿತು. ಕಿಟಕಿಯಿಂದ ನೋಡಿದೆ. ಭಾವ, ಅಕ್ಕ ಪಕ್ಕಪಕ್ಕದಲ್ಲಿ ನಡೆಯುತ್ತಿದ್ದರು. ಇಬ್ಬರ ಬೆನ್ನೂ ಬೆವರಿನಿಂದ ಒದ್ದೆಯಾಗಿತ್ತು. ಅಕ್ಕ ಏನೋ ಹೇಳುತ್ತಿದ್ದಳು. ಭಾವ ನಡೆಯುತ್ತಲೇ ಅಂಗೈಯನ್ನು ನೆಲಕ್ಕೆ ಮಾಡಿ ತಮ್ಮ ಸೊಂಟದ ಮಟ್ಟಕ್ಕೆ ಹಿಡಿದು ತೋರಿಸಿದರು, ಇಷ್ಟೆತ್ತರ ಎನ್ನುವ ಹಾಗೆ. ಅಕ್ಕ ಅಲ್ಲವೆಂದು ತಲೆಯಾಡಿಸಿದಳು. ಅವರ ಕೈಯನ್ನು ಹಿಡಿದು, ಒಂದು ವರ್ಷಕ್ಕೆ ಹುಡುಗಿ ಬೆಳೆಯುವಷ್ಟು ಮೇಲಕ್ಕೆ ಎತ್ತಿದಳು.